ಹದಿನೈದು ತುಂಬಿದ ಕಾರು

ಹಳೇ ಕಾರು ಇರುವ ಮನೆಯಲ್ಲಿ ಟೀವಿಯ ಅಗತ್ಯ ಅಷ್ಟಾಗಿ ಇರುವುದಿಲ್ಲ. ನಮ್ಮ ಮನೆಯಲ್ಲಿ ಟೀವಿ ಕೆಟ್ಟು ಆರು ತಿಂಗಳಾದರೂ ಯಾರೂ ಕೇಳಲಿಲ್ಲ. ಕಾರು ಮಾತ್ರ ವಾರಕ್ಕೊಮ್ಮೆ ಕೆಡುತ್ತದೆ, ವಾರವಿಡೀ ಅದರದೇ ಮಾತು.

ನಮ್ಮಪ್ಪನಿಗೆ ಗಡಿಯಾಚೆ ಆಂಧ್ರದ ಹಿಂದೂಪುರದಲ್ಲಿ ಹುಣಸೆಹಣ್ಣಿನ ಮಂಡಿ. ಕಾರು ಕೊಂಡಿದ್ದು ನನ್ನನ್ನು ತುಮಕೂರಿನ ಇಂಗ್ಲಿಷ್ ಮೀಡಿಯಂ ಹಾಸ್ಟೆಲ್ಲಿಗೆ ಸೇರಿಸಿದ ವರ್ಷ. ಭಾನುವಾರ ನನ್ನನ್ನು ನೋಡಲು ಬರುತ್ತಿದ್ದದ್ದು ಅದರಲ್ಲೇ. ನಾನು ಓದು ಮುಗಿಸಿ ಊರಿಗೆ ಬಂದೆ, ಕಾರಿಗೆ ಹದಿನೈದು ತುಂಬಿತು. ಹದಿನೈದು ತುಂಬಿದ ಕಾರನ್ನು ಆರ್‌ಟಿಒ ಆಫೀಸಿನ ಬ್ರೇಕ್ ಇನ್ಸ್‌ಪೆಕ್ಟರ್ ಮುಂದೆ ನಿಲ್ಲಿಸಿ ಪಾಸ್ ಮಾಡಿಸಬೇಕು, ಇಲ್ಲದಿದ್ದರೆ ರಸ್ತೆಗೆ ಇಳಿಸುವಂತಿಲ್ಲ.

ಅಮ್ಮ ತೀರ್ಪು ಕೊಟ್ಟಿದ್ದಳು. "ಫೇಲಾದ್ರೆ ಸೀದಾ ಗುಜರಿಗೆ. ಇನ್ನೊಂದು ಮಾತಿಲ್ಲ."

ಅಪ್ಪ ಕಾರನ್ನು ದಿನಕ್ಕೆ ಹತ್ತು ಸಲ ಬೈಯುತ್ತಾರೆ. ಗುಜರಿ ಎಂಬ ಪದ ಕಿವಿಗೆ ಬಿದ್ದರೆ ಮಾತ್ರ ಎದ್ದು ಹೋಗಿ ಅದರ ಗಾಜು ಒರೆಸುತ್ತಾರೆ.

ಯಾರಿಗೆ ಹುಷಾರಿಲ್ಲ?

ಅಪ್ಪ ಮೆಕ್ಯಾನಿಕ್ ಹತ್ತಿರ ಬಾಯಲ್ಲಿ ಕಂಪ್ಲೇಂಟ್ ಹೇಳಿದರೆ ಒಂದು ಗಂಟೆ ಬೇಕು. ಅದಕ್ಕೆ ಮೆಕ್ಯಾನಿಕ್ಕೇ ಕೈ ಮುಗಿದು, "ಸಾವ್ಕಾರ್ರೆ, ಚೀಟೀಲಿ ಬರೆದು ಕಳ್ಸಿ, ನಾನು ಓದ್ಕಂತೀನಿ" ಅಂದಿದ್ದ.

ಅಪ್ಪ ನನ್ನನ್ನು ಕೂರಿಸಿಕೊಂಡರು. "ಬರಿಯಮ್ಮ. ಇಂಗ್ಲಿಷ್‌ನಾಗೇ ಬರಿ. ಅಷ್ಟು ಫೀಸು ಕಟ್ಟಿದೀನಿ, ಒಂದು ಚೀಟಿಗಾದ್ರೂ ಬರ್ಲಿ."

ಅವರು ಹೇಳಿದ್ದನ್ನು ನಾನು ನಿಷ್ಠೆಯಿಂದ ಇಂಗ್ಲಿಷಿಗೆ ತಂದೆ. ಬೆಳಗ್ಗೆ ಎದ್ದ ಕೂಡಲೇ ಕೆಮ್ಮು. ಏರು ಹತ್ತುವಾಗ ಏದುಸಿರು. ಎಡಗಡೆ ಎಳೆತ. ನಿಂತಲ್ಲೇ ನೀರು ಸೋರುವುದು. ಚೀಟಿಯನ್ನು ಕೀಗೆ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ಗ್ಯಾರೇಜಿಗೆ ಕಳಿಸಿದೆವು.

ಮೆಕ್ಯಾನಿಕ್ಕಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಪಕ್ಕದ ಮೆಡಿಕಲ್ ಶಾಪಿನವರಿಗೆ ಬರುತ್ತದೆ. ಚೀಟಿ ಅವರ ಕೈಗೆ ಹೋಯಿತು. ಅವರು ಕನ್ನಡಕ ಏರಿಸಿ ಪೂರ್ತಿ ಓದಿ, ಮುಖ ಸಪ್ಪಗೆ ಮಾಡಿಕೊಂಡರಂತೆ.

ಹತ್ತು ನಿಮಿಷಕ್ಕೆ ಮೆಕ್ಯಾನಿಕ್ ಫೋನು. "ಸಾವ್ಕಾರ್ರೆ, ಮನೇಲಿ ದೊಡ್ಡೋರಿಗೆ ಯಾರಿಗೋ ಹುಷಾರಿಲ್ವಂತೆ? ಮೆಡಿಕಲ್ ಶಾಪ್‌ನೋರು ಹೇಳ್ತವ್ರೆ, ಇದು ಮಾತ್ರೇಲಿ ಹೋಗೋದಲ್ಲ, ಎಡಗಡೆ ಎಳೀತೈತೆ ಅಂದ್ರೆ ಲೇಟ್ ಮಾಡ್ಬ್ಯಾಡಿ ಅಂತ. ಕಾರಿನ ವಿಚಾರ ಆಮೇಲೆ ನೋಡ್ಕಳಾಣ, ಮೊದ್ಲು ಅವ್ರನ್ನ ಆಸ್ಪತ್ರೆಗೆ ಕರ್ಕಂಡೋಗಿ."

"ಯಾವುದರಲ್ಲಿ ಕರ್ಕಂಡೋಗ್ಲಿ?" ಎಂದು ಅಪ್ಪ ಕೂಗಿದರು. "ಕಾಯಿಲೆ ಇರೋದೇ ಕಾರಿಗೆ ಕಣಪ್ಪ!"

ಚೌಕಾಬಾರ

ಆಮೇಲೆ ಒಂದು ಸದ್ದು ಶುರುವಾಯಿತು. ಏಸಿ ಹಾಕಿದರೆ ಗಲಗಲ, ತೆಗೆದರೆ ಮೌನ. ಕಾರೊಳಗೆ ಯಾರೋ ಕೂತು ಚೌಕಾಬಾರ ಆಡುತ್ತಾ ಕವಡೆ ಉರುಳಿಸಿದ ಹಾಗೆ. ಜೊತೆಗೆ ಅಮ್ಮನದೊಂದು ಕಂಪ್ಲೇಂಟು: "ಏಸಿ ಹಾಕಿದ್ರೆ ನಂಗೆ ಬಾಯಲ್ಲಿ ನೀರು ಬತ್ತೈತೆ."

"ತಂಪಿಗೆ ನಿದ್ದೆ ಬತ್ತೈತೆ ಅನ್ನೋರ್ನ ಕೇಳಿದೀನಿ. ಬಾಯಲ್ಲಿ ನೀರು ಬರೋದು ನೀನೊಬ್ಬಳಿಗೇ" ಎಂದರು ಅಪ್ಪ.

ಮೆಕ್ಯಾನಿಕ್ ಡ್ಯಾಶ್‌ಬೋರ್ಡ್ ಬಿಚ್ಚಿ ಒಳಗೆ ಕೈ ಹಾಕಿದ. ಒಂದು ಹಿಡಿ ಹುಣಸೆಬೀಜ ಬಂತು. ಮತ್ತೊಂದು ಹಿಡಿ. ಆಮೇಲೆ ಚಿಂದಿಬಟ್ಟೆ, ಮಂಡಿಯ ಗೋಣಿದಾರ, ಕೊನೆಗೆ ಕಪ್ಪಗೆ ಅಂಟಂಟಾದ ಹುಣಸೆಹಣ್ಣಿನದೇ ಒಂದು ಉಂಡೆ. ನೆಲದ ಮೇಲೆ ಸಾಲಾಗಿ ಜೋಡಿಸಿಟ್ಟು, ಸೊಂಟದ ಮೇಲೆ ಕೈ ಇಟ್ಟು ನೋಡಿದ.

"ಇಲಿ ಯಾವಾಗ ಸೇರ್ಕಂತೋ!" ಎಂದು ಅಪ್ಪ ಪೇಚಾಡಿಕೊಂಡರು.

"ಅದ್ನ ಬೈಬ್ಯಾಡಿ ಸಾವ್ಕಾರ್ರೆ" ಎಂದ ಮೆಕ್ಯಾನಿಕ್. "ನಿಮ್ ಮಂಡಿಗೆ ಪಾಪ ಅದೊಂದು ಏಸಿ ಬ್ರಾಂಚ್ ಓಪನ್ ಮಾಡೈತೆ."

ರಾಣಿಯ ಬಾಗಿಲು

ಕಾರಿನ ಎಡಗಡೆ ಮುಂದಿನ ಡೋರು ಒಳಗಿನಿಂದ ತೆಗೆಯಲು ಬರುವುದಿಲ್ಲ. ಆ ಸೀಟು ಅಮ್ಮನದು. ಹಾಗಾಗಿ ಎಲ್ಲಿಗೆ ಹೋದರೂ ಅಪ್ಪ ಇಳಿದು, ಬಾನೆಟ್ ಸುತ್ತಿ ಬಂದು, ಡೋರು ತೆಗೆದು ಹಿಡಿದುಕೊಳ್ಳಬೇಕು. ಅಮ್ಮ ಸೆರಗು ಸರಿಮಾಡಿಕೊಂಡು, ಅವಸರವಿಲ್ಲದೆ ಇಳಿಯುತ್ತಾಳೆ. ನಮಗೆ ಇದು ಅಭ್ಯಾಸವಾಗಿತ್ತು.

ಕಲ್ಯಾಣದುರ್ಗದಲ್ಲಿ ನನ್ನ ಸೋದರತ್ತೆಯ ಮನೆ. ಆ ಬೀದಿಯವರಿಗೆ ಇದು ಅಭ್ಯಾಸವಾಗಿರಲಿಲ್ಲ. ಅಪ್ಪ ಡೋರು ತೆಗೆದು ನಿಂತಿದ್ದನ್ನು ಕಟ್ಟೆಯ ಮೇಲೆ ಕೂತಿದ್ದ ಹೆಂಗಸರೆಲ್ಲ ನೋಡಿದರು. ಹೊರಡುವಾಗ ಮತ್ತೆ ನೋಡಿದರು. ಮುಂದಿನ ಸಲ ನಾವು ಹೋದಾಗ ಕಟ್ಟೆಯ ಮೇಲೆ ಜನ ಜಾಸ್ತಿ ಇದ್ದರು.

"ನೋಡು, ಇಷ್ಟು ವಯಸ್ಸಾದ್ರೂ ಹೆಂಡ್ತಿನ ಎಂಗೆ ನೋಡ್ಕಂತಾರೆ!" ಎಂದು ಅತ್ತೆ, ಮಾವನಿಗೆ ಕೇಳುವಂತೆ ಹೇಳಿದರು. "ನಮ್ಮನೇರು ಬೈಕ್‌ನಾಗೆ ನಾನು ಹತ್ತಿದ್ನೋ ಇಲ್ವೋ ತಿರುಗಿ ನೋಡಾಕಿಲ್ಲ. ಒಂದು ದಿನ ಕಂಬದೂರಿಗಂಟ ಒಬ್ಬರೇ ಹೋಗ್ಬುಟ್ಟಿದ್ರು, ದಾರೀಲೆಲ್ಲಾ ನನ್ನ ಜೊತೆ ಮಾತಾಡ್ಕಂಡು!"

ಊಟವಾದ ಮೇಲೆ ಮಾವ ಅಪ್ಪನನ್ನು ಹಿತ್ತಲಿಗೆ ಕರೆದೊಯ್ದರು. ನಾನು ಅಲ್ಲೇ ಕೈ ತೊಳೆಯುತ್ತಿದ್ದೆ. ನಾನು ಇದ್ದರೂ ಇಲ್ಲದಂತೆ ಇರುವವಳು, ನನ್ನ ಮುಂದೆ ಎಲ್ಲರೂ ಎಲ್ಲವನ್ನೂ ಮಾತಾಡುತ್ತಾರೆ.

"ಭಾವ, ಕಾಲು ಹಿಡ್ಕಂತೀನಿ. ಆ ಡೋರು ರಿಪೇರಿ ಮಾಡ್ಸಪ್ಪ. ಬೀದಿ ಗಂಡಸ್ರೆಲ್ಲ ನನ್ನ ಮೇಲೆ ಬಿದ್ದವ್ರೆ, 'ನಿಮ್ಮ ನೆಂಟರಿಗೆ ಬಸ್ಸಲ್ಲಿ ಬರಾಕೆ ಹೇಳ್ರಿ' ಅಂತ."

ಹಿಂದೂಪುರಕ್ಕೆ ಬಂದು ಅಪ್ಪ ಚೀಟಿ ಬರೆಸಲು ಕೂತರು. ಮೊದಲನೆಯದು, ಎಡಗಡೆ ಡೋರು. ಅಮ್ಮ ಒಳಗಿನಿಂದಲೇ ಕೂಗಿದಳು. "ಅದೊಂದು ಬರೀಬ್ಯಾಡ ಕಣೇ. ಇಡೀ ಕಾರಿನಾಗೆ ಸರಿಯಾಗಿರೋದು ಅದೊಂದೇ."

ಲಾಂಚ್ ಎಪ್ಪುಡು

ಒಮ್ಮೆ ಪೆನುಕೊಂಡದ ಹತ್ತಿರ ಕಾರು ನಿಂತೇಬಿಟ್ಟಿತು. ನಿಲ್ಲಲು ಅದು ಆರಿಸಿಕೊಂಡ ಜಾಗ ನೋಡಿ, ಕಾರ್ ಫ್ಯಾಕ್ಟರಿಗೆ ಹೋಗುವ ರಸ್ತೆ. ಪಕ್ಕದಲ್ಲೇ ಉದ್ದುದ್ದ ಲಾರಿಗಳ ಮೇಲೆ ಹೊಸ ಹೊಸ ಕಾರುಗಳು ಕೂತು, ನಮ್ಮನ್ನು ನೋಡುತ್ತಾ ಹೋಗುತ್ತಿದ್ದವು. ಅಪ್ಪ ಬಾನೆಟ್ ಎತ್ತಿ ಅದರ ಹಿಂದೆ ಮುಖ ಮರೆಸಿಕೊಂಡರು.

ಆ ಕಡೆ ಟೆಸ್ಟಿಂಗಿಗೆ ಬಿಡುವ ಹೊಸ ಮಾಡೆಲ್ ಕಾರುಗಳ ಗುರುತು ಸಿಗದಿರಲಿ ಎಂದು ಮೈತುಂಬ ಕಪ್ಪು ಬಿಳಿ ಮಚ್ಚೆಯ ಸ್ಟಿಕರ್ ಅಂಟಿಸಿರುತ್ತಾರೆ ಎಂದು ಎಲ್ಲೋ ಕೇಳಿದ್ದೆ. ನಮ್ಮ ಕಾರಿಗೂ ಮೈತುಂಬ ಮಚ್ಚೆ. ಬಣ್ಣ ಎದ್ದುಹೋಗಿ ಆದದ್ದು.

ಬೈಕಿನಲ್ಲಿ ಹೋಗುತ್ತಿದ್ದ ಇಬ್ಬರು ಸರ್ರನೆ ಬ್ರೇಕ್ ಹಾಕಿದರು. ಮೊಬೈಲ್ ತೆಗೆದು ಮುಂದಿನಿಂದ, ಹಿಂದಿನಿಂದ ವಿಡಿಯೋ ಮಾಡಿದರು. ಒಬ್ಬ ಮೆಲ್ಲಗೆ ಹತ್ತಿರ ಬಂದು, ಗುಟ್ಟು ಕೇಳುವ ದನಿಯಲ್ಲಿ ಕೇಳಿದ.

"ಅಂಕುಲ್, ಹೊಸ ಮಾಡೆಲ್ಲಾ? ಲಾಂಚ್ ಎಪ್ಪುಡು?"

ಅಪ್ಪ ಬಾನೆಟ್ಟಿನ ಹಿಂದಿನಿಂದ ಬೆವರು ಒರೆಸಿಕೊಂಡು ತಲೆ ಎತ್ತಿದರು. "ಲಾಂಚ್ ಯಾವಾಗ ಅಂತೀಯ? ಮೊದ್ಲು ಸ್ಟಾರ್ಟ್ ಆಗ್ಲಿ ತಡಿಯಪ್ಪ."

ಪರೀಕ್ಷೆ

ಕೊನೆಗೆ ಆ ದಿನ ಬಂತು. ಅಪ್ಪ ಕಾರಿಗೆ ಅರಿಶಿನ ಕುಂಕುಮ ಇಟ್ಟು, ಟೆಸ್ಟಿನ ಮೈದಾನಕ್ಕೆ ಓಡಿಸಿಕೊಂಡು ಬಂದು, ಕೀ ನನ್ನ ಕೈಗೆ ಕೊಟ್ಟರು.

"ನೀನೇ ನಿಂತ್ಕ ಪಾಪ. ನಾನಿದ್ರೆ ಬಾಯಿ ತಡಿಯಾಕಿಲ್ಲ, ಎಲ್ಲಾ ಕಂಪ್ಲೇಂಟೂ ನಾನೇ ಹೇಳ್ಬುಡ್ತೀನಿ. ನೀನಾದ್ರೆ ಕೇಳಿದ್ರೂ ಮಾತಾಡಾಕಿಲ್ಲ." ಹಾಗೆಂದು ದೂರದ ಹೊಂಗೆಮರದ ಕೆಳಗೆ ಹೋಗಿ, ಹೆರಿಗೆ ವಾರ್ಡಿನ ಮುಂದೆ ನಿಂತವರಂತೆ ಬೆನ್ನು ತಿರುಗಿಸಿ ನಿಂತರು.

ಮಾತಾಡದಿರುವುದಕ್ಕೆ ನನಗೆ ಸಿಕ್ಕ ಮೊದಲ ಕೆಲಸ ಅದು. ಒಂದೇ ತೊಡಕು. ಹಿಂದೂಪುರದಲ್ಲಿ ಎಲ್ಲರಿಗೂ ಎರಡು ಬಾಯಿ, ಒಂದು ತೆಲುಗು, ಒಂದು ಕನ್ನಡ. ಹಾಸ್ಟೆಲ್ಲಿನಲ್ಲಿ ಬೆಳೆದ ನನ್ನ ತೆಲುಗು ಅರ್ಧ ಅರ್ಥ, ಅರ್ಧ ಊಹೆ.

ಬ್ರೇಕ್ ಇನ್ಸ್‌ಪೆಕ್ಟರ್ ಬಂದರು. ಕಾರನ್ನು ಒಂದು ಸುತ್ತು ಹಾಕಿ, "ಗಾಲಿ ತಕ್ಕುವ ಉಂದಮ್ಮಾ" ಎಂದರು.

ಗಾಲಿ ಕಡಿಮೆ ಇದೆಯೇ? ನಾನು ಕಾರು ಸುತ್ತಿ ಎಣಿಸಿ ಬಂದೆ. "ನಾಲ್ಕೂ ಇವೆ ಸಾರ್."

ಅವರು ನನ್ನನ್ನು ಒಂದು ಕ್ಷಣ ನೋಡಿ, ಟೈರಿಗೆ ಕಾಲಲ್ಲಿ ತಟ್ಟಿ, ಬಾಯಿ ಉಬ್ಬಿಸಿ ಊದಿ ತೋರಿಸಿದರು. ತೆಲುಗಿನಲ್ಲಿ ಗಾಲಿ ಅಂದರೆ ಗಾಳಿ! ಇನ್ನು ಎಚ್ಚರವಾಗಿರಬೇಕು ಅಂದುಕೊಂಡೆ.

ಅವರೇ ಕಾರು ಹತ್ತಿ ಮೈದಾನದಲ್ಲಿ ಎರಡು ಸುತ್ತು ಓಡಿಸಿದರು. ಇಳಿದು, ಹಾಳೆಯ ಮೇಲೆ ಬರೆಯುತ್ತಾ ಹೇಳಿದರು. "ಬ್ರೇಕ್ ಓಕೆ. ಲೈಟ್ ಓಕೆ. ಹಾರನ್ ಓಕೆ. ಕ್ಲಚ್ ಮಾಡಿಪೋಯಿಂದಿ."

ಇದು ನನಗೆ ತಕ್ಷಣ ಅರ್ಥವಾಯಿತು. ಪೋಯಿಂದಿ ಅಂದರೆ ಹೋಯಿತು. ಮಾಡಿ ಅಂದರೆ ಮಾಡಿ. ಕ್ಲಚ್ ನೋಡಲು ಅಪ್ಪ ಮೊನ್ನೆಯಷ್ಟೇ ಮೆಕ್ಯಾನಿಕ್ಕಿಗೆ ಹೇಳಿದ್ದರು, ಅವನು ಮಾಡಿ ಮುಗಿಸಿದ್ದಾನೆ. "ಥ್ಯಾಂಕ್ಯೂ ಸಾರ್" ಎಂದೆ, ನನಗೇ ಆಶ್ಚರ್ಯವಾಗುವಷ್ಟು ಗಟ್ಟಿಯಾಗಿ. ಅವರು ಪೆನ್ನು ನಿಲ್ಲಿಸಿ ನನ್ನನ್ನು ಮತ್ತೊಮ್ಮೆ ನೋಡಿದರು.

ಹೊಂಗೆಮರದ ಕೆಳಗೆ ಓಡಿದೆ. "ಅಪ್ಪಾ, ಎಲ್ಲಾ ಓಕೆ. ಪಾಸ್!"

ಅಪ್ಪ ಕಣ್ಣು ಒರೆಸಿಕೊಂಡು ಎದುರಿನ ಬೇಕರಿಗೆ ಹೋದವರು ಎರಡು ಕಿಲೋ ಲಡ್ಡು ತಂದರು. ಅರ್ಜಿ ಬರೆಯುವವರಿಗೆ, ಆಟೋದವರಿಗೆ, ಟೀ ಅಂಗಡಿಯವರಿಗೆ, ಲೈಸೆನ್ಸಿಗೆ ಬಂದ ಅಪರಿಚಿತರಿಗೆಲ್ಲ, "ತಗಳಿ, ತಗಳಿ, ನಮ್ ಗಾಡಿ ಪಾಸಾಯ್ತು" ಎಂದು ಹಂಚಿದರು. ಅಮ್ಮನಿಗೆ ಫೋನು ಹೋಯಿತು. ಮಾವನಿಗೆ ಕಲ್ಯಾಣದುರ್ಗಕ್ಕೆ ಫೋನು ಹೋಯಿತು. ಕೊನೆಗೆ ಡಬ್ಬಿ ಹಿಡಿದು ಇನ್ಸ್‌ಪೆಕ್ಟರ್ ಮುಂದೆ ನಿಂತರು.

"ಏನಿದು ಯಜಮಾನ್ರೆ?"

"ಗಾಡಿ ಪಾಸ್ ಆಯ್ತಲ್ಲ ಸಾರ್, ಅದಕ್ಕೆ."

ಇನ್ಸ್‌ಪೆಕ್ಟರ್ ಲಡ್ಡು ನೋಡಿದರು, ಕಾರು ನೋಡಿದರು, ಕಡೆಗೆ ನನ್ನನ್ನು ನೋಡಿದರು. "ಫೇಲ್ ಕಣ್ರೀ! ಕ್ಲಚ್ ಸೀದುಹೋಗೈತೆ ಅಂತ ಈಯಮ್ಮನಿಗೆ ಹೇಳಿದ್ನಲ್ಲ. ಥ್ಯಾಂಕ್ಸ್ ಬೇರೆ ಹೇಳಿದ್ರು!"

ಅನ್ನ ಸೀದರೆ ತೆಲುಗಿನವರು 'ಮಾಡಿಪೋಯಿಂದಿ' ಅನ್ನುತ್ತಾರೆ. ಇದು ಹಿಂದೂಪುರದಲ್ಲಿ ಎಳೆ ಮಕ್ಕಳಿಗೂ ಗೊತ್ತು. ನನಗೆ ಗೊತ್ತಾಗಿದ್ದು ಆ ಕ್ಷಣದಲ್ಲಿ. ಸುತ್ತ ಇದ್ದವರು ಅಗಿಯುವುದನ್ನು ನಿಲ್ಲಿಸಿದರು. ಒಬ್ಬ ಆಟೋದವನು ಮಾತ್ರ ಬಾಯಲ್ಲಿದ್ದದ್ದು ನುಂಗಿ, "ಫೇಲಿಗೇ ಲಡ್ಡು ಹಂಚೋ ಮಹಾನುಭಾವರು, ಪಾಸಾದ್ರೆ ಒಬ್ಬಟ್ಟಿನೂಟನೇ ಹಾಕಿಸ್ತಾರೆ, ಹೇಳ್ಕಳಿಸ್ರಪ್ಪ" ಎಂದ.

ಮನೆಗೆ ಬಂದು ಅಪ್ಪ ಕಾರಿನ ಕೀಯನ್ನು ಅಮ್ಮನ ಮುಂದೆ ಇಟ್ಟರು. "ನೀನಂದಂಗೇ ಆಗ್ಲಿ. ಗುಜರಿಯೋನ್ಗೆ ಹೇಳ್ಕಳ್ಸು."

ನಾನು ಕಂಬದ ಹಿಂದೆ ನಿಂತಿದ್ದೆ. ಕಾರು ಹೋಗುವುದು ನನ್ನಿಂದಲೇ ಅನ್ನಿಸಿತ್ತು.

ಅಮ್ಮ ಕೀ ತಿರುಗಿಸಿ ನೋಡಿದಳು. "ಊರಿಗೆಲ್ಲಾ ಲಡ್ಡು ಹಂಚಿ ಬಂದವ್ರೆ, ಗುಜರಿಗಂತೆ! ನಾನು ಇಡೀ ಬೀದಿಗೆ ಹೇಳ್ಬುಟ್ಟಿದೀನಿ ಪಾಸ್ ಅಂತ. ಈಗ ಗುಜರಿಗೆ ಹಾಕಿದ್ರೆ ನನ್ ಮರ್ವಾದೆ ಏನಾಯ್ತೈತೆ? ಹೊಸಾ ಕ್ಲಚ್ ಹಾಕ್ಸಿ. ಪಾಸ್ ಆಗೋಗಂಟ ಟೆಸ್ಟ್ ಮಾಡ್ಸಿ."

ಹೊಸ ಕ್ಲಚ್ ಬಿತ್ತು. ಎರಡನೇ ಸಲ ಮೂವರೂ ಹೋದೆವು. ನನ್ನನ್ನು ಕಾರಿನಿಂದ ಹತ್ತು ಮಾರು ದೂರ ನಿಲ್ಲಿಸಿದ್ದರು. ಅದೇ ಇನ್ಸ್‌ಪೆಕ್ಟರ್ ಎರಡು ಸುತ್ತು ಓಡಿಸಿ, ಇಳಿದು, ಸಹಿ ಹಾಕಿ, ಅಪ್ಪನ ಕೈಗೆ ಹಾಳೆ ಕೊಟ್ಟು ಒಂದೇ ಮಾತು ಹೇಳಿದರು.

"ಪಾಸ್."

ಅಪ್ಪ ಅಲ್ಲಾಡಲಿಲ್ಲ. ಹಾಳೆ ನೋಡಿದರು, ಅಮ್ಮನನ್ನು ನೋಡಿದರು, ಆಮೇಲೆ ಅನುಮಾನದಿಂದ ಕೇಳಿದರು. "ಸಾರ್, ತಪ್ಪು ತಿಳ್ಕಬ್ಯಾಡಿ. ಈಗ ಹೇಳಿದ್ದು ತೆಲುಗೋ, ಕನ್ನಡವೋ?"

ಇನ್ಸ್‌ಪೆಕ್ಟರ್ ದೂರದಲ್ಲಿದ್ದ ನನ್ನ ಕಡೆ ಪೆನ್ನು ತೋರಿಸಿದರು.

"ಇಂಗ್ಲಿಷು ಕಣ್ರೀ. ಆಯಮ್ಮನಿಗೂ ಅರ್ಥ ಆಗ್ಲಿ ಅಂತ."