ಅನಂತರಾಮಯ್ಯನವರ ಶಿಷ್ಟಾಚಾರ ಸಂಹಿತೆ

ಗಾಳಿಯಲ್ಲಿ ಅನಂತರಾಮಯ್ಯ ಮೇಷ್ಟರಷ್ಟು ಸಭ್ಯರು ಇಡೀ ಚಿಂತಾಮಣಿಯಲ್ಲಿ ಇನ್ನೊಬ್ಬರಿರಲಿಲ್ಲ. ಗಾಳಿಯಲ್ಲಿ ಎಂದರೆ ಹವ್ಯಾಸಿಗಳು ಊರಿಂದೂರಿಗೆ ಮಾತಾಡುವ ಹ್ಯಾಮ್ ರೇಡಿಯೊದಲ್ಲಿ. ಮೈಕಿನ ಗುಂಡಿ ಒತ್ತುವ ಮುಂಚೆ ಬೇರೆ ಯಾರಾದರೂ ಮಾತಾಡುತ್ತಿದ್ದಾರೋ ಎಂದು ಕಿವಿಗೊಡುವರು. ಎದುರಿನವರು 'ಓವರ್' ಎಂದು ಮಾತು ಬಿಟ್ಟುಕೊಟ್ಟ ಮೇಲೂ ಎರಡು ಉಸಿರು ಕಾದು ಬಾಯಿ ತೆರೆಯುವರು. (ನೆಲದ ಮೇಲೆ, ಅದರಲ್ಲೂ ಮನೆಯ ನೆಲದ ಮೇಲೆ, ಹೆಂಡತಿ ಅಲಮೇಲು 'ರೀ' ಎಂದರೆ ಸಾಕು, ಉಳಿದ ವಾಕ್ಯವನ್ನು ಅವರೇ ಮುಗಿಸುತ್ತಿದ್ದರು. ಮೂವತ್ತು ವರ್ಷದಲ್ಲಿ ಒಮ್ಮೆಯೂ ಸರಿಯಾಗಿ ಮುಗಿಸಿದ್ದಿಲ್ಲ.)

ಆ ಭಾನುವಾರ ಬೆಳಿಗ್ಗೆ ಅವರಿಗೊಂದು ಮಹಾಗೌರವ ಒದಗಿತ್ತು. ಗೌರಿಬಿದನೂರು, ಶಿಡ್ಲಘಟ್ಟ, ಚಿಕ್ಕಬಳ್ಳಾಪುರಗಳ ಹೊಸ ಹ್ಯಾಮ್‌ಗಳಿಗೆ ರೇಡಿಯೊ ಮರ್ಯಾದೆ ಬೋಧಿಸಬೇಕಿತ್ತು. ಅದಕ್ಕೆಂದೇ ಇನ್ನೂರು ಪುಟದ ನೋಟ್‌ಬುಕ್ಕಿನ ತುಂಬ 'ಶಿಷ್ಟಾಚಾರ ಸಂಹಿತೆ' ರಚಿಸಿದ್ದರು. "ಒಬ್ಬರು ಗುಂಡಿ ಒತ್ತಿಕೊಂಡೇ ಇದ್ದರೆ ಮಿಕ್ಕವರೆಲ್ಲ ಬಾಯಿ ಮುಚ್ಚಿಕೊಂಡು ಕೇಳಬೇಕಾಗುತ್ತದೆ. ಇದಕ್ಕಿಂತ ದೊಡ್ಡ ಅಸಭ್ಯತೆ ಇಲ್ಲ. ಓವರ್!" ಎಂದು ಮುಗಿಸಿ, ಮೈಕನ್ನು ಮೇಜಿನ ಮೇಲಿಟ್ಟು, ಅದರ ಮೇಲೆ ಸಂಹಿತೆಯನ್ನಿಟ್ಟು ಮೆಚ್ಚುಗೆಗೆ ಕಾದರು.

ಯಾರೂ ತುಟಿಪಿಟಕ್ ಅನ್ನಲಿಲ್ಲ. ಎಲ್ಲರೂ ಮೂಕವಿಸ್ಮಿತರಾಗಿದ್ದಾರೆ ಎಂದುಕೊಂಡರು ಮೇಷ್ಟರು.

ಕಾಫಿ ತಂದ ಅಲಮೇಲು ರೇಡಿಯೊ ನೋಡಿ ನಿಂತಳು. "ರೀ, ಆ ಕೆಂಪು..."

"ಮೆಣಸಿನಕಾಯಿ ತಾನೆ? ಸಂಜೆ ತರ್ತೀನಿ."

"ಅಲ್ಲಾ ರೀ, ದೀಪ..."

"ದೇವರ ದೀಪಕ್ಕೆ ಎಣ್ಣೆ ಇಲ್ವಾ? ಅದನ್ನೂ ತರ್ತೀನಿ ಕಣೇ! ನಾಲ್ಕು ಜನ ಕಾಯ್ತಿರುವಾಗ ಅಡ್ಡ ಬರಬಾರ್ದು ಅಂತ ನಿಂಗೆ ಎಷ್ಟು ಸಲ..."

"ಒಂದೇ ಒಂದ್ಸಲ ನನ್ ಮಾತು ಪೂರ್ತಿ ಕೇಳಬಾರ್ದಾ?" ಅಲಮೇಲು ಕಾಫಿ ಲೋಟವನ್ನು ಕೆಳಗಿಟ್ಟಳು. "ಗೌರಿಬಿದನೂರಿನೋರು ಕೆಮ್ಮಿದ್ರೂ ಮುಗಿಯೋವರ್ಗೂ ಕಾಯ್ತೀರಿ. ನಾನೂ ಅಷ್ಟು ದೂರ ಹೋಗಿ ಮಾತಾಡ್ಬೇಕಾ?"

ಅವಳೇ ಮುಂದೆ ಬಂದು ನೋಟ್‌ಬುಕ್ಕನ್ನೆತ್ತಿದಳು. ಅದರ ಭಾರಕ್ಕೆ ಒತ್ತಿಕೊಂಡಿದ್ದ ಗುಂಡಿ ಮೇಲೆದ್ದಿತು. ಮಾತು ಹೊರಗೆ ಹೋಗುತ್ತಿದೆ ಎಂದು ಸಾರುತ್ತಿದ್ದ ಕೆಂಪು ದೀಪ ಆರಿತು. ಮೂರು ತಾಲ್ಲೂಕುಗಳು ಸಂಸಾರದ ಸಕಲವನ್ನೂ ಕೇಳಿಸಿಕೊಂಡಿದ್ದವು.

ಗೌರಿಬಿದನೂರಿನ ವೆಂಕಟರವಣಪ್ಪ ಎರಡು ಉಸಿರು ಕಾದು ಗಂಟಲು ಸರಿಮಾಡಿಕೊಂಡರು. "ಪಾಠ ಚೆನ್ನಾಗಿತ್ತು ಮೇಷ್ಟ್ರೇ. ಆದ್ರೆ ಅಮ್ಮಾವ್ರ ಮಾತು ಅರ್ಧಕ್ಕೇ ನಿಂತಿದೆ. ಮೊದ್ಲು ಅದನ್ನ ಕೇಳ್ಕೊಂಡು ಬನ್ನಿ. ನಮಗೇನೂ ಅವಸರ ಇಲ್ಲ. ಓವರ್."

ಅನಂತರಾಮಯ್ಯನವರಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆದರೂ ಕ್ರಮವಾಗಿ ವಂದನೆ ಹೇಳಿಯೇ (ಮರ್ಯಾದೆ ಮರ್ಯಾದೆಯೇ) ರೇಡಿಯೊ ಆರಿಸಿ ಹೆಂಡತಿಯತ್ತ ತಿರುಗಿದರು. "ಹೇಳು ಅಲಮೇಲು. ನೀನು ಓವರ್ ಅನ್ನೋವರ್ಗೂ ನಾನು ಬಾಯಿ ಬಿಡಲ್ಲ."

ಅಲಮೇಲು ಹೇಳಿದಳು. ಕೆಂಪು ದೀಪದಿಂದ ಶುರುಮಾಡಿ, ಮದುವೆಯಾದ ವಾರ ಕೈವಾರದ ಬಸ್ಸಿನಲ್ಲಿ ಅರ್ಧಕ್ಕೆ ನಿಂತಿದ್ದ ಮಾತಿನವರೆಗೂ ಹೋದಳು. ಎಷ್ಟೋ ಮಾತು ಅವರಿಗೆ ಹೊಸದು. ಪಕ್ಕದಲ್ಲೇ ಇದ್ದವಳನ್ನು ಇಷ್ಟು ವರ್ಷ ಕೇಳದೆ ಹೋದೆನಲ್ಲ ಎಂದು ಕಣ್ಣು ತುಂಬಿಕೊಂಡರು.

ಊಟಕ್ಕೆ ಕೂತರೂ ಅವಳ ಮಾತು ಮುಗಿದಿರಲಿಲ್ಲ. ಮೇಷ್ಟರು ಎರಡು ಸಲ ಹುಳಿ ಹಾಕಿಸಿಕೊಂಡು ಸದ್ದಿಲ್ಲದೆ ಉಂಡರು. ಆಮೇಲೆ ತಾನೂ ಒಂದು ತುತ್ತು ಬಾಯಿಗಿಟ್ಟ ಅಲಮೇಲು ಹೌಹಾರಿದಳು.

"ಅಯ್ಯೋ, ಹುಳಿಗೆ ಉಪ್ಪೇ ಇಲ್ವಲ್ರೀ! ಬಾಯಿಬಿಟ್ಟು ಹೇಳಬಾರ್ದಾ?"

ಅನಂತರಾಮಯ್ಯನವರು ಕಾದರು. ಒಂದು ಉಸಿರು. ಎರಡು ಉಸಿರು.

ಅಲಮೇಲು ನಕ್ಕು ಉಪ್ಪಿನ ಬಟ್ಟಲನ್ನು ಅವರತ್ತ ಸರಿಸಿದಳು. 'ಓವರ್' ಮಾತ್ರ ಅನ್ನಲಿಲ್ಲ.