ಕೆಲಸ ಹುಡುಕಿ ಕೊಡುವ ಕೆಲಸ

ನಮ್ಮ ಕಾಲೇಜಿನಲ್ಲಿ ಗ್ರಂಥಾಲಯದ ಪಕ್ಕಕ್ಕೆ ಒಂದು ಸಣ್ಣ ಕೋಣೆ ಇದೆ. ಹಿಂದೆ ಅಲ್ಲಿ ಮುರಿದ ಬೆಂಚುಗಳನ್ನು ಒಟ್ಟುತ್ತಿದ್ದರು. ಈಗ ಬಾಗಿಲ ಮೇಲೆ ‘ಉದ್ಯೋಗ ಮಾರ್ಗದರ್ಶನ ಘಟಕ’ ಅಂತ ಬೋರ್ಡು ಬಂದಿದೆ; ಬೆಂಚುಗಳ ಜೊತೆ ನಾನೂ ಇದ್ದೇನೆ. ಇಂಟರ್ನ್‌ಶಿಪ್, ಕಾರ್ಯಾಗಾರ, ಉದ್ಯೋಗ ಮೇಳ ಅಂತ ಹುಡುಗರನ್ನು ಕಟ್ಟಿಕೊಂಡು ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಿರುಗುತ್ತೇನೆ. ತಿರುಗಿದಲ್ಲೆಲ್ಲ ಏನಾದರೊಂದು ಆಗದೆ ಇರುವುದಿಲ್ಲ. ಕೇಳಿದವರು ಅಲ್ಲೇ ನಗುತ್ತಾರೆ. ನಾನೂ ನಗುತ್ತೇನೆ, ಸ್ವಲ್ಪ ತಡವಾಗಿ, ಮನೆಗೆ ಬಂದು ಕಾಲಿಗೆ ಬಿಸಿನೀರು ಹಾಕಿಕೊಂಡ ಮೇಲೆ.

ರೂಢಿ ಇದ್ದವರು

ನಾನು ಕಲಿಸುವುದು ಕನ್ನಡ. ಹುದ್ದೆಯ ಹೆಸರು ಅತಿಥಿ ಉಪನ್ಯಾಸಕಿ. ಪ್ರತಿ ವರ್ಷ ಹೊಸ ಆದೇಶ ಬಂದರೆ ಪಾಠ, ಬರದಿದ್ದರೆ ಮನೆ. ಹೀಗೆ ಅತಿಥಿಯಾಗಿಯೇ ತಲೆಗೂದಲು ಬೆಳ್ಳಗಾದವು.

ಒಂದು ದಿನ ಪ್ರಾಚಾರ್ಯರು ಕರೆಸಿದರು. ಈ ಘಟಕ ನೋಡಿಕೊಳ್ಳಲು ಒಬ್ಬರು ಬೇಕಾಗಿತ್ತು. ವಾಣಿಜ್ಯದವರಿಗೆ ಬಿ.ಪಿ. ಇತ್ತು. ಅರ್ಥಶಾಸ್ತ್ರದವರಿಗೆ ಮಗಳ ಮದುವೆ ಇತ್ತು. ಕಂಪ್ಯೂಟರಿನವರು, ತಮಗೆ ಕಂಪ್ಯೂಟರ್ ಬಿಟ್ಟು ಬೇರೇನೂ ಬರುವುದಿಲ್ಲ ಅಂತ ಒಪ್ಪಿಕೊಂಡುಬಿಟ್ಟಿದ್ದರು.

“ಸರ್, ನಾನು ಕನ್ನಡದಾಕಿ. ಕಂಪನಿ, ಸಂದರ್ಶನ ಇವೆಲ್ಲ ನನಗೇನು ತಿಳೀತಾವ್ರಿ? ನನಗ ಇನ್ನೂ ಖಾಯಂ ನೌಕರಿ ಸಿಕ್ಕಿಲ್ಲ” ಅಂದೆ.

“ಅದಕ್ಕ ನಿಮಗ ಹೇಳಾಕತ್ತೇನ್ರಿ ಮೇಡಂ” ಅಂದರು ಪ್ರಾಚಾರ್ಯರು, ಬಹಳ ಗೌರವದಿಂದ. “ನಾವೆಲ್ಲ ಜೀವನದಾಗ ಒಂದ ಸಲ ನೌಕರಿ ಹುಡುಕಿದವ್ರು. ಹೆಂಗ ಹುಡುಕಿದ್ವಿ ಅನ್ನೋದೂ ಮರತೇವಿ. ವರ್ಷಾ ವರ್ಷಾ ಹುಡುಕಿ ರೂಢಿ ಇದ್ದವ್ರು ಇಡೀ ಕಾಲೇಜಿನ್ಯಾಗ ನೀವೊಬ್ರ ಅದೀರಿ.”

ಪಗಾರ ಬ್ಯಾಡ ಅನ್ನುವವರು

ಕೊನೆಯ ವರ್ಷದ ಹುಡುಗರು ಎಲ್ಲಾದರೂ ಕೆಲವು ವಾರ ಕೆಲಸ ಕಲಿತು ಬರಲೇಬೇಕು, ಇಲ್ಲದಿದ್ದರೆ ಅಂಕ ಇಲ್ಲ. ದೊಡ್ಡ ಊರುಗಳಲ್ಲಿ ಕಂಪನಿಗಳಿರುತ್ತವೆ. ನಮ್ಮಲ್ಲಿ ಇರುವುದು ಬೀಜದ ಅಂಗಡಿ, ಬಟ್ಟೆ ಅಂಗಡಿ, ಪಂಪ್‌ಸೆಟ್ ರಿಪೇರಿ.

ಹಿರೇಕೆರೂರು ಪೇಟೆಗೆ ಬಿ.ಕಾಂ. ಹುಡುಗಿಯೊಬ್ಬಳನ್ನು ಕರೆದುಕೊಂಡು ಹೊರಟೆ. ಮಾಸೂರಿನ ಹುಡುಗಿ. ಅಪ್ಪ ಅವ್ವ ಇಬ್ಬರೂ ಮಂದಿಯ ಗದ್ದೆಯಲ್ಲಿ ನಾಟಿ, ಕೊಯ್ಲು ಅಂತ ದುಡಿಯುವವರು. ಮನೆತನದಲ್ಲಿ ಕಾಲೇಜು ಕಂಡವಳು ಇವಳೊಬ್ಬಳೇ. ಲೆಕ್ಕ ಬಾಯಲ್ಲೇ ಮಾಡುತ್ತಿದ್ದಳು, ಆದರೆ ಹೊಸಬರ ಎದುರು ಅದೇ ಬಾಯಿ ತೆರೆಯುತ್ತಿರಲಿಲ್ಲ. ಪರೀಕ್ಷೆ ಮುಗಿಯುವುದರೊಳಗೆ ನೌಕರಿ ಸಿಕ್ಕರೆ ಸರಿ, ಇಲ್ಲದಿದ್ದರೆ ಶಿಕಾರಿಪುರದ ಕಡೆಯ ವರ ಗಟ್ಟಿ ಅಂತ ಮನೆಯಲ್ಲಿ ಹೇಳಿಯಾಗಿತ್ತು. ವರನನ್ನು ಅವಳು ಫೋಟೋದಲ್ಲೂ ನೋಡಿರಲಿಲ್ಲ.

ಬೀಜದ ಅಂಗಡಿಯ ಸಾವಕಾರರು ನಮ್ಮನ್ನು ಕಂಡ ಕೂಡಲೇ ದೇಣಿಗೆ ಕೇಳುವವರು ಅಂದುಕೊಂಡು, “ಯಾವ ಗುಡೀದ್ರಿ ಪಟ್ಟಿ?” ಅಂದರು.

“ಪಟ್ಟಿ ಎತ್ತಾಕ ಬಂದಿಲ್ರಿ. ಈ ಹುಡುಗೀನ ಅಂಗಡ್ಯಾಗ ಸ್ವಲ್ಪ ದಿನ ಇಟ್ಕೊಂಡು ಲೆಕ್ಕಪತ್ರ ಕಲಸ್ರಿ. ಪಗಾರ ಏನೂ ಬ್ಯಾಡ.”

ಸಾವಕಾರರ ಮುಖ ಸಣ್ಣಗಾಯಿತು. “ಪಗಾರ ಬ್ಯಾಡ?”

“ಒಂದು ರೂಪಾಯಿನೂ ಬ್ಯಾಡ್ರಿ.”

“ಹಂಗಾರ ಆಗೂದಿಲ್ರಿ ಅಕ್ಕಾರ” ಅಂದರು ಅವರು ಗಲ್ಲಾಪೆಟ್ಟಿಗೆ ಮುಚ್ಚುತ್ತ. “ಪಗಾರ ಕೇಳಾವ್ರು ಅಂಗಡ್ಯಾಗ ಕೈ ಹಾಕಿದ್ರ ಪಗಾರದಾಗ ಮುರಕೋತೇನಿ. ಪಗಾರ ಬ್ಯಾಡ ಅನ್ನಾವ್ರು ಕೈ ಹಾಕಿದ್ರ ಎದರಾಗ ಮುರಕೊಳ್ಳಲಿ?”

ಅವ್ವನ ಅನುಭವ

ಕಡೆಗೆ ಸವಣೂರಿನ ಒಂದು ಸೊಸೈಟಿಯವರು ಹೂಂ ಅಂದರು. ವೀಳ್ಯದೆಲೆ ಮಾರುವ ಸಂತೆಯ ಹತ್ತಿರ ಹುಡುಗಿಯ ಚಿಕ್ಕವ್ವನ ಮನೆ ಇತ್ತು, ಇರಲು ಜಾಗವೂ ಆಯಿತು. ಒಪ್ಪಿಗೆ ಕೇಳಲು ಮಾಸೂರಿಗೆ ಹೋದೆ.

ಅಪ್ಪ ಕಟ್ಟೆಯ ಮೇಲೆ ಕೂತು ಎಲ್ಲ ಕೇಳಿಸಿಕೊಂಡ. “ಅಕ್ಕಾರ, ಇದು ಏನಂತ ನನಗ ತಿಳಿಯೂಹಂಗ ಹೇಳ್ರಿ. ನೌಕರಿ ಏನು?”

“ನೌಕರಿ ಅಲ್ರಿ, ನೌಕರಿ ಕಲಿಯೋದು.”

“ಪಗಾರ?”

“ಇರೂದಿಲ್ರಿ.”

“ಕಲತ ಮ್ಯಾಲ ಇಟ್ಕೋತಾರೇನ್ರಿ?”

“ಗ್ಯಾರಂಟಿ ಇಲ್ರಿ. ಅವರು ಹೇಳಿದ್ದು ಮಾಡ್ಕೋತ, ತಪ್ಪಾದ್ರ ಬೈಸ್ಕೋತ ಕಲೀಬೇಕು. ಕಡೀಗೆ ಛಲೋ ಕೆಲಸ ಮಾಡಿದ್ಲು ಅಂತ ಬರದುಕೊಡ್ತಾರ.”

ಒಳಗೆ ರೊಟ್ಟಿ ಬಡಿಯುತ್ತಿದ್ದ ಹುಡುಗಿಯ ಅವ್ವ ಕೈ ನಿಲ್ಲಿಸಿದಳು. ಬಾಗಿಲಿಗೆ ಬಂದು ಹಿಟ್ಟಿನ ಕೈ ಸೊಂಟಕ್ಕೆ ಇಟ್ಟುಕೊಂಡು ನಿಂತಳು.

“ಪಗಾರಿಲ್ಲ, ಹೊತ್ತಿಲ್ಲ ಗೊತ್ತಿಲ್ಲ, ಬೈಸ್ಕೋತ ಕಲಿಯೋದು, ಕಡೀಗೆ ಇಟ್ಕೋತಾರೋ ಹೊರಗ ಹಾಕ್ತಾರೋ ದೇವರಿಗೇ ಗೊತ್ತು. ಅಕ್ಕಾರ, ಇದಕ್ಕ ನಮ್ಮ ಕಡೆ ಸೊಸಿ ಆಗೋದು ಅಂತಾರ್ರಿ.” ಆಮೇಲೆ ಗಂಡನ ಕಡೆಗೆ ನೋಡಿದಳು. “ಕಳಸ್ರಿ ಅಕಿನ್ನ. ಅಲ್ಲಿ ಛಲೋ ಮಾಡಿದ್ಲು ಅಂತಾದ್ರೂ ಬರದುಕೊಡ್ತಾರಂತ. ನನಗ ಈ ಮನ್ಯಾಗ ಇನ್ನೂ ಯಾರೂ ಬರದುಕೊಟ್ಟಿಲ್ಲ.”

ಕನಸಿನ ಬೆನ್ನು ಹತ್ತಿ

ಹಾನಗಲ್ಲಿನಲ್ಲಿ ವ್ಯಕ್ತಿತ್ವ ವಿಕಸನ ಕಾರ್ಯಾಗಾರ ಇಟ್ಟುಕೊಂಡಿದ್ದೆವು. ಹುಬ್ಬಳ್ಳಿಯಿಂದ ಒಬ್ಬ ತರಬೇತುದಾರರು ಬಂದಿದ್ದರು. ಕೋಟು, ಕಿವಿಗೆ ಸಿಕ್ಕಿಸಿಕೊಂಡ ಮೈಕು. ಬೆಳಿಗ್ಗೆಯಿಂದ ಕೂಗಿ ಕೂಗಿ ಅವರ ಗಂಟಲು ಕಟ್ಟಿತ್ತು. ಹುಡುಗರು ಮಾತ್ರ ಮಾವಿನ ತೋಪಿನಲ್ಲಿ ಮಧ್ಯಾಹ್ನ ಮಲಗಿದ ದನಗಳ ಹಾಗೆ ನಿಶ್ಚಿಂತೆಯಾಗಿ ಕೂತಿದ್ದರು. ಚಪ್ಪಾಳೆ ತಟ್ಟಿ ಅಂದರೆ ತಟ್ಟುತ್ತಿದ್ದರು, ಸಾಕು ಅಂದರೂ ತಟ್ಟುತ್ತಿದ್ದರು. ಅವರ ಕಣ್ಣೆಲ್ಲ ಗೋಡೆ ಗಡಿಯಾರದ ಮೇಲೆ.

ಪಾಪ, ಆ ಮನುಷ್ಯನ ಮುಖ ಬಾಡುತ್ತ ಬಂತು. ಕೊನೆಗೆ ಇದ್ದ ಶಕ್ತಿಯನ್ನೆಲ್ಲ ಒಗ್ಗೂಡಿಸಿ, ಮೇಜು ಗುದ್ದಿ ಕೂಗಿದರು: “ಏಳಿ! ಎಷ್ಟು ದಿನ ಕೂತಿರ್ತೀರಿ? ನಿಮ್ಮ ಕನಸಿನ ಬೆನ್ನು ಹತ್ತಿ ಓಡಿ! ನಾಳೆ ಅಲ್ಲ, ಈಗಲೇ!”

ಆ ಕ್ಷಣಕ್ಕೇ ಹೊರಗೆ ರಸ್ತೆಯಲ್ಲಿ ಹಾರ್ನ್ ಕೇಳಿತು. ಇಡೀ ಸಭಾಂಗಣ ಎದ್ದಿತು. ಕುರ್ಚಿಗಳು ಉರುಳಿದವು. ಹುಡುಗಿಯರು ಚಪ್ಪಲಿ ಕೈಯಲ್ಲಿ ಹಿಡಿದು ಓಡಿದರು, ಹುಡುಗರು ಕಿಟಕಿ ಹಾರಿದರು. ನೋಡನೋಡುತ್ತ ಒಳಗೆ ಉಳಿದವರು ನಾನು, ತರಬೇತುದಾರರು, ಚಹಾದ ಲೋಟ ಎತ್ತಲು ಬಂದಿದ್ದ ನಮ್ಮ ಜವಾನ.

ತರಬೇತುದಾರರ ಕಣ್ಣು ತುಂಬಿ ಬಂದಿತ್ತು. “ಮೇಡಂ, ಎಷ್ಟೋ ಕಡೆ ಹೇಳೇನ್ರಿ. ಇಷ್ಟು ಮನಸ್ಸಿಗೆ ತಗೊಂಡ ಹುಡುಗ್ರನ್ನ ಎಲ್ಲೂ ನೋಡಿಲ್ಲ!”

ನಿಜ ಹೇಳಲು ನನಗೆ ಬಾಯಿ ಬರಲಿಲ್ಲ. ಜವಾನನಿಗೆ ಬಂತು. “ಸರ, ಅದು ಹಿರೇಕೆರೂರಿಗೆ ಹೋಗೂ ಕಡೀ ಕನಸು. ನೀವೂ ಅತ್ತಾಗ ಹೋಗೂದಿದ್ರ ಲಗೂನ ಓಡ್ರಿ.”

ಎಮ್ಮೆಗೆ ಕೇಳಿತು

ಸವಣೂರಿನಿಂದ ಹುಡುಗಿ ಒಳ್ಳೆಯ ಪತ್ರವನ್ನೇ ತಂದಳು. ಅದರ ಬಲದ ಮೇಲೆ ಬೆಂಗಳೂರಿನ ಒಂದು ಕಂಪನಿಗೆ ಅರ್ಜಿ ಹಾಕಿಸಿದೆ. ಮೊಬೈಲಿನಲ್ಲೇ ಮುಖ ನೋಡಿ ಸಂದರ್ಶನ ಮಾಡುತ್ತೇವೆ ಅಂದರು. ಅವರ ಮನೆಯ ಹತ್ತಿರ ನೆಟ್‌ವರ್ಕ್ ನಿಲ್ಲುವುದು ಮದಗದ ಕೆರೆಯ ಏರಿಯ ಮೇಲೆ, ಅದೂ ಒಂದೇ ಜಾಗದಲ್ಲಿ. ಆ ಜಾಗಕ್ಕೆ ಯಾರೋ ಪುಣ್ಯಾತ್ಮರು ಕಲ್ಲು ಇಟ್ಟಿದ್ದರು.

ಹುಡುಗಿ ಕಲ್ಲಿನ ಮೇಲೆ ನಿಂತಳು, ನಾನು ಎದುರಿಗೆ ಫೋನ್ ಹಿಡಿದೆ. ಪರದೆಯಲ್ಲಿ ಒಬ್ಬ ಸಾಹೇಬರು ಬಂದರು.

“ಹಿಂದೆ ಹಾಕಿರೋ ಚಿತ್ರ ಚೆನ್ನಾಗಿದೆ. ಎಲ್ಲಿ ಸಿಕ್ಕಿತು?”

“ಇದು ಚಿತ್ರ ಅಲ್ರಿ ಸರ್, ನಮ್ಮೂರ ಕೆರಿ” ಅಂದಳು. ಸಾಹೇಬರು ನಕ್ಕರು. ಹುಡುಗಿಗೂ ಧೈರ್ಯ ಬಂತು. ಲೆಕ್ಕದ ಪ್ರಶ್ನೆ ಕೇಳಿದರು, ಪಟಪಟ ಉತ್ತರ ಹೇಳಿದಳು. ನನಗೆ ಎದೆಯೊಳಗೆ ಹೋಳಿಗೆ ಬೆಂದ ವಾಸನೆ ಬಂದ ಹಾಗಾಯಿತು.

“ಕೊನೇ ಪ್ರಶ್ನೆ. ಕೆಲಸಕ್ಕಾಗಿ ಊರು ಬಿಟ್ಟು ಬರೋಕೆ ತಯಾರಿದ್ದೀರಾ?”

ಅಷ್ಟರಲ್ಲಿ ನೀರು ಕುಡಿದು ಏರಿ ಹತ್ತಿದ ಎಮ್ಮೆಯೊಂದು ನೆಟ್ಟಗೆ ಅವಳ ಕಡೆಗೇ ಬಂತು. ಹುಡುಗಿ ಕಲ್ಲು ಬಿಟ್ಟು ಪಕ್ಕಕ್ಕೆ ಜಿಗಿದಳು, ಅವಳ ಹಿಂದೆ ಫೋನ್ ಹಿಡಿದು ನಾನೂ ಜಿಗಿದೆ. ಸಾಹೇಬರ ಮುಖ ಅರ್ಧ ಬಾಯಿ ತೆರೆದುಕೊಂಡೇ ನಿಂತುಬಿಟ್ಟಿತು. ಮತ್ತೆ ಫೋನ್ ಹಚ್ಚಿದರೆ ಹತ್ತಲಿಲ್ಲ. ಸಂಜೆ ಸಂದೇಶ ಬಂತು: ಊರು ಬಿಡುವ ಪ್ರಶ್ನೆ ಬಂದಾಗ ಅಭ್ಯರ್ಥಿ ಹೊರಟುಹೋದ ಕಾರಣ ಆಯ್ಕೆ ಮಾಡಲಾಗಿಲ್ಲ.

ಹುಡುಗಿ ಏರಿಯ ಮೇಲೆ ಕೂತು ಬಹಳ ಹೊತ್ತು ಅತ್ತಳು. ನಾನೂ ಪಕ್ಕದಲ್ಲಿ ಕೂತೆ. ಕಣ್ಣು ಒರೆಸಿಕೊಂಡು ಅವಳೇ ಅಂದಳು: “ಎಲ್ಲಿಗೆ ಕರದ್ರೂ ಬರ್ತೇನಿ ಅಂತ ಜಿಗಿಯೂವಾಗ ಜೋರಾಗೇ ಹೇಳಿದ್ದೆ ಮೇಡಂ. ಅವರಿಗೆ ಕೇಳಸಲಿಲ್ಲ, ಎಮ್ಮಿಗೆ ಕೇಳಿಸ್ತು. ನೋಡ್ರಿ, ಆವಾಗಿಂದ ನನ್ನ ಹಿಂದ ತಿರಗಾಕತ್ತೇತಿ.”

ಹೊಸಬರು ಇಬ್ಬರು

ಪರೀಕ್ಷೆ ಮುಗಿಯುತ್ತ ಬಂತು. ಶಿಕಾರಿಪುರದವರು ಹೆಣ್ಣು ನೋಡಲು ದಿನ ಕೇಳುತ್ತಿದ್ದರು. ಉಳಿದದ್ದು ಶಿಗ್ಗಾಂವಿಯ ಉದ್ಯೋಗ ಮೇಳ ಒಂದೇ.

ಮುಖ್ಯ ಅತಿಥಿಗಳು, ಕೆಲಸ ಕೇಳುವವರಾಗಬೇಡಿ, ಕೆಲಸ ಕೊಡುವವರಾಗಿ ಅಂತ ಊಟದ ಹೊತ್ತಿನವರೆಗೂ ಹೇಳಿದರು. ಆಮೇಲೆ ಕೆಲಸ ಕೇಳುವವರೆಲ್ಲ ಬಿಸಿಲಲ್ಲಿ ಸಾಲಾಗಿ ಪಾಳಿ ನಿಂತೆವು. ಹೆದ್ದಾರಿಯ ಪಕ್ಕದ ಒಂದು ಸಿದ್ಧ ಉಡುಪಿನ ಕಾರ್ಖಾನೆಯವರು ಆಫೀಸಿಗೆ ಹೊಸಬರನ್ನು ತೆಗೆದುಕೊಳ್ಳುತ್ತಿದ್ದರು. ಹುಡುಗಿ ನನ್ನ ಕೈ ಹಿಡಿದಳು. “ಮೇಡಂ, ನೀವು ಬಾಜೂಕ ಕುಂತ್ರ ಮಾತಾಡ್ತೇನಿ” ಅಂದಳು. ಕೂತೆ.

ಸಂದರ್ಶನ ಮಾಡುವ ಹುಡುಗ ಮೊಬೈಲಿನಿಂದ ತಲೆ ಎತ್ತಲಿಲ್ಲ. ಇಬ್ಬರ ಹೆಸರು, ನಂಬರು ಕೇಳಿದ, ಕೊಟ್ಟೆವು. “ನಿಮ್ಮ ದೌರ್ಬಲ್ಯ ಏನು?” ಅಂದ. ಹುಡುಗಿಯ ಬಾಯಿ ಕಟ್ಟಿತು. ದಾರಿ ತೋರಿಸೋಣ ಅಂತ ನಾನೇ ಶುರು ಮಾಡಿದೆ: “ಯಾರು ಏನು ಕೆಲಸ ಹೇಳಿದ್ರೂ ಒಲ್ಲೆ ಅನ್ನಾಕ ಬರೂದಿಲ್ರಿ. ಪಗಾರ ತಡ ಆದ್ರೂ ಕೇಳಾಕ ಬರೂದಿಲ್ಲ.”

ಹುಡುಗ ಮೊದಲ ಸಲ ತಲೆ ಎತ್ತಿ ನೋಡಿದ. “ಮೇಡಂ, ನಮ್ಮ ಕಂಪನಿಗೆ ಇಂಥವ್ರ ಬೇಕಾಗಿತ್ತು” ಅಂದ. ಆಮೇಲೆ ಹುಡುಗಿಯೂ ಮಾತಾಡಿದಳು, ಚೆನ್ನಾಗಿಯೇ ಮಾತಾಡಿದಳು.

ಅದೇ ವಾರ ಕಾಲೇಜಿನ ವರ್ಷ ಮುಗಿಯಿತು. ಮುಂದಿನ ಆದೇಶದವರೆಗೆ ಬರುವುದು ಬೇಡ ಅಂತ ಅತಿಥಿಗಳಿಗೆಲ್ಲ ಹೇಳಿದರು. ಮನೆಯಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಾಗ ಫೋನ್ ಬಂತು: “ಅಭಿನಂದನೆಗಳು, ನೀವು ಆಯ್ಕೆ ಆಗಿದ್ದೀರಿ.” ಎಷ್ಟೋ ವರ್ಷದಿಂದ ಆ ಒಂದು ಮಾತಿಗಾಗಿ ಕಾದಿದ್ದೆ. ಬಂದಾಗ ಟ್ರೇನಿ ಹುದ್ದೆಗೆ ಬಂತು. ಮೊರ ಕೆಳಗಿಟ್ಟೆ. ತಪ್ಪಾಗಿದೆ ಅಂತ ಹೇಳಲು ಫೋನ್ ಎತ್ತುವಷ್ಟರಲ್ಲಿ ಹುಡುಗಿಯ ಅಪ್ಪನದೇ ಬಂತು.

“ಅಕ್ಕಾರ, ನಮ್ಮ ಹುಡುಗೀದೂ ಆತಂತ್ರಿ! ಒಬ್ಬಾಕಿನ್ನ ಹೆಂಗ ಕಳಸೋದು ಅಂತ ಒಲ್ಲೆ ಅನ್ನಾಂವ ಇದ್ದೆ. ನೀವೂ ಅಲ್ಲೇ ಸೇರಾಕತ್ತೀರಿ ಅಂತ ಕಂಪನಿಯವ್ರ ಅಕೀಗೆ ಹೇಳ್ಯಾರಂತ. ಮುಗೀತು, ಶಿಕಾರಿಪುರದವ್ರಿಗೆ ಬ್ಯಾಡ ಅಂತ ಹೇಳಿಬಿಟ್ಟೇನಿ.”

ಇನ್ನೇನು ಹೇಳಲಿ? ಅವಳು ಈಗಲೂ ಅಲ್ಲೇ ಇದ್ದಾಳೆ, ಲೆಕ್ಕದ ವಿಭಾಗದಲ್ಲಿ, ಹಾಸ್ಟೆಲಿನಲ್ಲಿ ಉಳಿದುಕೊಂಡು. ನಾನು ಅವಳನ್ನು ಸೇರಿಸಿ, ಮ್ಯಾನೇಜರಿಗೆ ನಿಜ ಹೇಳಿ ಅವತ್ತೇ ತಿರುಗಿ ಬಂದೆ. ಆದರೆ ಹೋಗುವಾಗ ನಡೆದದ್ದನ್ನು ಹೇಳದಿದ್ದರೆ ಅನ್ನ ಜೀರ್ಣ ಆಗುವುದಿಲ್ಲ.

ಮಾಸೂರಿನ ಬಸ್ಸು ಹಿರೇಕೆರೂರಿಗೆ ಬಂದು ನಿಂತಿತು. ಹುಡುಗಿಯ ಅಪ್ಪ ಕಿಟಕಿಯ ಸೀಟಿಗೆ ಟವೆಲ್ ಹಾಸಿ ನನಗಾಗಿ ಹಿಡಿದಿದ್ದ. ನಾನು ಹತ್ತಿದ ಕೂಡಲೇ ಬಸ್ಸಿಗೆಲ್ಲ ಕೇಳುವ ಹಾಗೆ, “ಕಂಡಕ್ಟರ್ ಸಾಹೇಬ್ರ, ಇವ್ರಿಬ್ರೂ ಇವತ್ತ ಹೊಸಾದಾಗಿ ನೌಕರಿಗೆ ಸೇರಾಕ ಹೊಂಟಾರ್ರಿ!” ಅಂದ.

ಹೆಂಗಸರಿಗೆ ಟಿಕೆಟ್ ಪುಕ್ಕಟೆ, ಆಧಾರ್ ತೋರಿಸಬೇಕು. ಕಂಡಕ್ಟರ್ ಹುಡುಗಿಯ ಕಾರ್ಡು ನೋಡಿ ಕೊಟ್ಟ. ನನ್ನದನ್ನು ತೆಗೆದುಕೊಂಡು ಹುಟ್ಟಿದ ತಾರೀಖು ಓದಿದ, ನನ್ನ ಮುಖ ನೋಡಿದ, ಮತ್ತೊಮ್ಮೆ ಓದಿದ. ಬಸ್ಸಿಗೆ ಬಸ್ಸೇ ನಮ್ಮ ಕಡೆ ತಿರುಗಿ ನೋಡುತ್ತಿತ್ತು. ಆತ ನನ್ನ ಕಿವಿಯ ಹತ್ತಿರ ಬಗ್ಗಿದ.

“ಅಕ್ಕಾರ, ತಪ್ಪು ತಿಳಕೋಬ್ಯಾಡ್ರಿ. ನಮ್ಮ ಮನಿಯಾಕೀದೂ ಎಂ.ಎ., ಬಿ.ಎಡ್. ಆಗೇತಿ. ವಯಸ್ಸೂ ನಿಮ್ಮಷ್ಟ. ಇನ್ನ ಯಾರು ತಗೋತಾರ ಅಂತ ಮನ್ಯಾಗ ಕುಂತಾಳ. ನಿಮ್ಮನ್ನ ನೋಡಿ ನನಗ ಭಾಳ ಧೈರ್ಯ ಬಂತು. ಆ ಕಂಪನಿ ಹೆಸರೊಂದು ಹೇಳ್ರಿ.”