ಕಿವಿಯ ಹಿಂದೆ ನಲವತ್ತೆಂಟು ಗಂಟೆ

ಎಲ್ಲದಕ್ಕೂ ಮೂಲ, ಔಲಿಸನ ಎಡಗಿವಿಯ ಹಿಂದಿದ್ದ ಹುರುಳಿಕಾಳಿನಷ್ಟು ಕಪ್ಪು ಬೊಟ್ಟು. ಗುರುವಾರ ಸಂಜೆ ಆರಕ್ಕೆ ಅವನೇ ಇಟ್ಟುಕೊಂಡದ್ದು. 'ಗಡ್ಡಕ್ಕೆ ಹಚ್ಚುವ ಮೊದಲು ಕಿವಿಯ ಹಿಂದೆ ಹಚ್ಚಿ, ನೀರು ತಾಕಿಸದೆ ನಲವತ್ತೆಂಟು ಗಂಟೆ ಕಾಯಿರಿ' ಎಂದು ಬಣ್ಣದ ಪೊಟ್ಟಣದ ಚೀಟಿ ಹೇಳಿತ್ತು. ಮೂವತ್ತು ವರ್ಷ ಲಿಫ್ಟ್ ರಿಪೇರಿ ಮಾಡಿದ ಔಲಿಸ್, ಚೀಟಿ ಓದದವರ ಬೆರಳುಗಳು ಏನಾದವೆಂದು ಕಣ್ಣಾರೆ ಕಂಡವನು.

ಪ್ರತಿ ಶನಿವಾರ ರಾತ್ರಿಯೂಟದ ಮೊದಲು ಸರೋವರದ ದಂಡೆಯಲ್ಲಿ ಟ್ಯಾಂಗೋ ನೃತ್ಯ. ಹೆಂಗಸರು ಜೊತೆಗಾರನನ್ನು ಆರಿಸುವ ಸರದಿಯಲ್ಲಿ, ಔಲಿಸನ ಕಣ್ಣು ನೆಟ್ಟಿದ್ದ ಸಿರ್ಕ ಮೂರು ವಾರದಿಂದ ಅವನನ್ನು ಕರೆದಿರಲಿಲ್ಲ. ತಪ್ಪು ನರೆತ ಗಡ್ಡದ್ದೇ.

ತೊಡಕೆಂದರೆ, ಗಡುವು ಮುಗಿಯುವುದು ಶನಿವಾರ ಆರಕ್ಕೆ. ಕಟ್ಟಡದ ನೆಲಮಾಳಿಗೆಯಲ್ಲಿ ಎಲ್ಲರೂ ಬೆವರಿ ಮೀಯುವ ಬಿಸಿಹಬೆಯ ಕೋಣೆ, ಸೌನಾದಲ್ಲಿ ಔಲಿಸನ ಸರದಿ ಐದರಿಂದ ಆರು. ಕುವೋಪಿಯೊ ಊರಿನಲ್ಲಿ ಹೆಂಡತಿ ಬಿಟ್ಟುಹೋದರೆ ಯಾರೂ ವಿಚಾರಿಸರು. ಸೌನಾ ತಪ್ಪಿಸಿದರೆ ಇಡೀ ಕಟ್ಟಡವೇ ಬಾಗಿಲು ಬಡಿಯುತ್ತದೆ.

ಆ ಶನಿವಾರ ಐದು ದಾಟಿದ್ದೇ ಮೊದಲು ಬಡಿದವನು ಮೇಲಿನ ಮನೆಯ ಅರ್ವೊ.

"ಒಲೆ ಕೆಂಪಗೆ ಕಾದಿದೆ, ನೀನೇನಯ್ಯಾ ಇನ್ನೂ ಮನೇಲಿದ್ದೀಯ? ಯಾರಾದ್ರೂ ಸತ್ರಾ?"

"ಸತ್ತೋರಿಗೂ ಸ್ನಾನ ಉಂಟು. ನನಗೆ ಆರರ ತನಕ ಇಲ್ಲ," ಎಂದು ಔಲಿಸ್ ಕಿವಿ ತೋರಿಸಿ ಕಾರಣ ಹೇಳಿದ.

ಅರ್ವೊ ತನ್ನ ಬೆಳ್ಳಗಿನ ಗಡ್ಡ ನೀವಿಕೊಂಡು ನಕ್ಕ. "ಒಂದು ಗಂಟೆಗೆ ಇಷ್ಟು ಹಟಾನಾ? ಆಗ್ಲಿ, ನಿನ್ನ ಸರದಿ ನನಗಿರ್ಲಿ."

ಆಮೇಲೆ ಬಂದವಳು ಅದೇ ಕಟ್ಟಡದ ಎಂಬತ್ತರ ಹಿಲ್ಕಜ್ಜಿ, ಸೌನಾ ತಪ್ಪಿಸಿದವನಿಗೆ ಕಾಯಿಲೆಯೇ ಇರಬೇಕೆಂದು ಕೈಯಲ್ಲಿ ಸಕಲ ರೋಗಕ್ಕೂ ಹಚ್ಚುವ ಡಾಂಬರು ಮುಲಾಮು.

"ಅಯ್ಯೋ, ಕಿವಿ ಹಿಂದೆ ಕಪ್ಪಗೆ! ಉಣ್ಣಿ ಕಚ್ಚಿದೆ ಕಣೋ, ಬಗ್ಗು!"

"ಉಣ್ಣಿ ಅಲ್ಲಜ್ಜಿ, ಬಣ್ಣ!"

"ನನ್ನ ಗಂಡಾನೂ ಏನಿಲ್ಲ ಏನಿಲ್ಲ ಅಂತಾನೇ ಹೋದ. ಬಗ್ಗೋ!"

ಔಲಿಸ್ ಕಾಫಿ ಬಟ್ಟಲನ್ನು ಕಿವಿಯ ಮೇಲೆ ಕವುಚಿ ಹಿಡಿದು ಮೇಜಿನ ಸುತ್ತ ಓಡಿದ. ಅಜ್ಜಿ ಗಾಣದ ಎತ್ತಿನಂತೆ ಬಿಡದೆ ಸುತ್ತಿದಳು. ಏಳನೇ ಸುತ್ತಿಗೆ ಅವಳಿಗೆ ಏದುಸಿರು ಬಂತು. "ಸಾಯೋದೇ ಆದ್ರೆ ಬಾಗಿಲು ತೆಗ್ದಿಟ್ಟು ಸಾಯಿ," ಎಂದು ಬೈದು ಹೋದಳು.

ಆರು ಹೊಡೆಯಿತು. ಕನ್ನಡಿಯಲ್ಲಿ ನೋಡಿದರೆ ತುರಿಕೆಯಿಲ್ಲ, ಕೆಂಪಿಲ್ಲ. "ನೋಡ್ರೋ!" ಎಂದು ಔಲಿಸ್ ಕೊಳಾಯಿಯ ಕೊಳವೆಯೊಳಕ್ಕೆ ಕೂಗಿದ. ಅದು ನೆಲಮಾಳಿಗೆಯವರೆಗೂ ಕೇಳುತ್ತದೆ. ಗಡ್ಡಕ್ಕೆ ಚೀಟಿಯ ಪ್ರಕಾರ ಹಚ್ಚಿದ, ಚೀಟಿಯ ಪ್ರಕಾರ ತೊಳೆದ.

ಸರೋವರದ ದಂಡೆಯಲ್ಲಿ ಹೆಂಗಸರ ಸರದಿ ಬಂದಾಗ ಸಿರ್ಕ ನೇರವಾಗಿ ಅವನೆದುರು ನಿಂತಳು. ಒಬ್ಬರಿಗೆ ಎರಡು ಹಾಡು, ಅದು ಅಲ್ಲಿನ ಕಟ್ಟಳೆ. ಎರಡೂ ಹಾಡು ಕೆನ್ನೆಗೆ ಕೆನ್ನೆ ಒತ್ತಿ ಕುಣಿದರು. ಔಲಿಸನ ಕಾಲು ನೆಲಕ್ಕೆ ತಾಕುತ್ತಿರಲಿಲ್ಲ.

ಹಾಡು ನಿಂತಾಗ ಸಿರ್ಕ ಕೆನ್ನೆ ಕೆರೆದುಕೊಳ್ಳುತ್ತಿದ್ದಳು. ಅದು ಬನ್ನಿನಂತೆ ಉಬ್ಬಿ ಕೆಂಪಾಗಿತ್ತು.

"ಗಡ್ಡಕ್ಕೆ ಬಣ್ಣ ಹಾಕಿದ್ದೀಯಾ?"

"ಪರೀಕ್ಷೆ ಮಾಡಿದ್ದೀನಿ! ಪೂರ್ತಿ ನಲವತ್ತೆಂಟು ಗಂಟೆ!"

"ಯಾರ ಕಿವಿ ಹಿಂದೆ?"

ಔಲಿಸ್ ತನ್ನ ಎಡಗಿವಿ ಮಡಚಿ ತೋರಿಸಿದ.

"ಪ್ರವಾಸಕ್ಕೆ ಹೋದಾಗ ಕಪ್ಪು ಮೆಹಂದಿ ಹಾಕಿಸ್ಕೊಂಡಿದ್ದೆ, ಕೂದಲಿನ ಬಣ್ಣ ಬೆರೆಸಿದ್ದು, ಕೈಯೆಲ್ಲ ಬೊಬ್ಬೆ ಎದ್ದಿತ್ತು. ಆವತ್ತಿಂದ ಈ ಬಣ್ಣ ನನಗಾಗಲ್ಲ. ಮೂರು ವಾರ ಧೈರ್ಯ ಕೂಡಿಸ್ಕೊಂಡು ಇವತ್ತು ನಿನ್ನನ್ನ ಕರೆದೆ ಮಾರಾಯಾ, ನರೆತ ಗಡ್ಡ, ಭಯ ಇಲ್ಲ ಅಂತ! ಇವತ್ತಿಗೇ ಬಳ್ಕೊಂಡು ಬಂದ್ಯಾ?"

ಅವಳು ಮುಖ ತೊಳೆದು ಬಂದವಳೇ, ಅಲ್ಲೇ ನಿಂತಿದ್ದ, ಇನ್ನೂ ಸೌನಾದ ಬಿಸಿಗೆ ಗುಲಾಬಿಯಂತಿದ್ದ ಅರ್ವೊನ ಬೆಳ್ಳಗಿನ ಗಡ್ಡಕ್ಕೆ ಊದದ ಇನ್ನೊಂದು ಕೆನ್ನೆ ಒತ್ತಿ ಕುಣಿಯತೊಡಗಿದಳು.

ಔಲಿಸ್ ಜೇಬಿನಿಂದ ಚೀಟಿ ತೆಗೆದು ಎರಡೂ ಬದಿ ಓದಿದ. ಪಕ್ಕದವರ ಕೆನ್ನೆಯ ಬಗ್ಗೆ ಒಂದಕ್ಷರವೂ ಇರಲಿಲ್ಲ.

"ನಾನು ಮಾಡಿದ್ದು ಸರಿಯಾಗೇ ಇದೆ!" ಎಂದು ವಾದ್ಯಗಳ ಸದ್ದನ್ನೂ ಮೀರಿ ಕೂಗಿದ.